ಪಾದರಸದ ಗಣಿಯಲ್ಲಿ ಅತ್ತೆ ಇಟ್ಟ ಕುಂಕುಮ

ಕಾರ್ಲ್ಸ್‌ರುಹೆ ಕನ್ನಡ ಬಳಗದ ಅಧ್ಯಕ್ಷರಾದ ಮುನಿಸ್ವಾಮಿಯವರೇ, ಕಾರು ನಿಲ್ಲಿಸಲು ಜಾಗ ಸಿಗದೆ ತಡವಾಗಿ ಬಂದರೂ ಮುಂದಿನ ಸಾಲಿನಲ್ಲೇ ಕುಳಿತಿರುವ ಮುಖ್ಯ ಅತಿಥಿಗಳೇ, ಊಟದ ವಾಸನೆ ಬರುತ್ತಿದ್ದರೂ ಕುರ್ಚಿ ಬಿಡದ ಸಭಿಕರೇ,

ನನ್ನ ಪತಿ ಚೇತನಕುಮಾರರಿಗೆ ನ್ಯೂರೆಂಬರ್ಗಿನಲ್ಲಿ ದೊಡ್ಡ ಕೆಲಸ ಸಿಕ್ಕಿದೆ. ಅದಕ್ಕೇ ಈ ಬೀಳ್ಕೊಡುಗೆ. 'ಬಸವೇಶ್ವರಿ ಸಾಹಿತ್ಯ ಓದಿದವಳು, ಎರಡು ಮಾತಾಡಲಿ' ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಸಾಹಿತ್ಯ ಓದಿದವರಿಗೆ ಮಾತು ಬರುತ್ತದೆ ಎಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸುವವರೆಗೆ ನಾನು ತರಗತಿಯಲ್ಲಿ ಬಾಯಿ ಬಿಟ್ಟದ್ದು ಹಾಜರಿ ಹೇಳಲು ಮಾತ್ರ. ಇಲ್ಲಿಗೆ ಬಂದ ಮೇಲೆ ಅದೂ ತಪ್ಪಿತು. ಎರಡು ವರ್ಷ ಜರ್ಮನ್ ಕಲಿತೆ, ಆದರೆ ಬೇಕರಿಯಲ್ಲಿ ಬ್ರೆಡ್ಡಿನ ಕಡೆ ಬೆರಳು ತೋರಿಸುತ್ತಿದ್ದೆ.

ಹೋದ ಮೇ ತಿಂಗಳ ಪ್ರವಾಸ ನಿಮಗೆಲ್ಲ ನೆನಪಿದೆಯಲ್ಲವೇ? ಫಾಲ್ಟ್ಸ್ ಬೆಟ್ಟಗಳಲ್ಲಿರುವ ಹಳೆಯ ಪಾದರಸದ ಗಣಿಗೆ ಅಧ್ಯಕ್ಷರು ನಮ್ಮನ್ನು ಕರೆದೊಯ್ದಿದ್ದರು. ಪಾದರಸ ಬಾವಿಯ ನೀರಿನ ಹಾಗೆ ತುಂಬಿರುತ್ತದೆ ಎಂದುಕೊಂಡು ನಮ್ಮಲ್ಲೊಬ್ಬರು ಖಾಲಿ ಬಾಟಲಿ ತಂದಿದ್ದರು. ಹೆಸರು ಹೇಳುವುದಿಲ್ಲ. ಅವರು ಈಗ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ನಗುತ್ತಿದ್ದಾರೆ.

ಆಗ ನನ್ನ ಅತ್ತೆ ಗುರವ್ವನವರು ಬಾಗಲಕೋಟೆಯಿಂದ ಬಂದಿದ್ದರು. ಸುರಂಗದೊಳಗೆ ಹೆಲ್ಮೆಟ್ಟಿನ ದೀಪ ಗೋಡೆಗೆ ಬಿದ್ದರೆ ಉದ್ದಕ್ಕೂ ಕೆಂಪು ಗೆರೆ. ಅತ್ತೆ ನಿಂತುಬಿಟ್ಟರು. ಚಪ್ಪಲಿಯನ್ನೂ ಬಿಟ್ಟರು. 'ಯವ್ವಾ, ನೆಲದಾಗ ಇಷ್ಟು ಕುಂಕುಮ ಯಾರ ಇಟ್ಟಾರ? ಯಾವ ದೇವಿ ಗುಡಿ ಇದು?' ಎಂದವರೇ ಗೋಡೆಗೆ ಬೆರಳೊತ್ತಿ ನನ್ನ ಕಡೆ ತಿರುಗಿದರು. 'ಎರಡ ವರ್ಷ ಆತು, ಹಣಿ ಬರಿದ ಇಟ್ಕೊಂಡ ಅಡ್ಡಾಡ್ತಿ. ಬಾ ಇಲ್ಲಿ.' ನಾನು ಬಾಯಿ ತೆರೆಯುವ ಮೊದಲೇ ಹಣೆಗೆ ಬಿತ್ತು.

ಗಣಿ ತೋರಿಸುತ್ತಿದ್ದ ಹೋರ್ಸ್ಟ್ ಅಜ್ಜ 'ನೈನ್! ನೈನ್!' ಬೇಡ ಬೇಡ ಎಂದು ಕೂಗುತ್ತ, ಎಪ್ಪತ್ತೆಂಟರ ಮೊಣಕಾಲನ್ನು ಮರೆತು ಓಡಿಬಂದರು. ಅದು ಪಾದರಸದ ಅದಿರು. ಒದ್ದೆ ಬಟ್ಟೆಯಿಂದ ನನ್ನ ಹಣೆಯನ್ನೂ ಅತ್ತೆಯ ಬೆರಳನ್ನೂ ತಿಕ್ಕಿದರು. ಅತ್ತೆಗೆ ಸಿಟ್ಟು ಬಂತು. 'ಇವನ್ಯಾಂವ ನನ್ನ ಸೊಸಿ ಕುಂಕುಮ ಅಳಸಾಂವಾ?' ಇಬ್ಬರೂ ನನ್ನನ್ನೇ ನೋಡಿದರು. ನೀವೆಲ್ಲ ಮುಂದಿನ ತಿರುವು ದಾಟಿದ್ದಿರಿ; ಇಬ್ಬರಿಗೂ ಹೇಳಬಲ್ಲವಳು ಅಲ್ಲಿ ನಾನೊಬ್ಬಳೇ. ಚೇತನಕುಮಾರರು ಎಲ್ಲಿದ್ದರು ಎಂದು ಕೇಳುತ್ತೀರಾ? ಹೊರಗೆ, ಸಿಗ್ನಲ್ ಹುಡುಕುತ್ತಿದ್ದರು.

ಹೇಳಿದೆ. ಹಣೆ ಎಂದರೇನು, ಕುಂಕುಮ ಎಂದರೇನು, ಅತ್ತೆ ಎಂದರೇನು, ಎಲ್ಲವನ್ನೂ ಜರ್ಮನ್‌ನಲ್ಲಿ ಹೇಳಿದೆ. ಅಜ್ಜ ಹೇಳಿದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಈ ಕೆಂಪು ಕಲ್ಲನ್ನು ಕಾಯಿಸಿದರೆ ಪಾದರಸ ಆವಿಯಾಗಿ ಹೊರಬರುತ್ತದೆ, ತಣ್ಣಗಾದರೆ ಬೆಳ್ಳಿಯಂಥ ಹನಿಯಾಗುತ್ತದೆ. ಆ ಆವಿ ಕುಡಿದವರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು. ಅತ್ತೆಯ ಸಿಟ್ಟು ಇಳಿಯಿತು. 'ಪಾಪ, ಅವರ ಹೆಂಡಂದಿರು ತುತ್ತ ಮಾಡಿ ಉಣಿಸಿರಬೇಕ' ಎಂದರು. ಅದನ್ನೂ ಅಜ್ಜನಿಗೆ ಹೇಳಿದೆ. ಅವರು ನಲವತ್ತು ವರ್ಷದಿಂದ ಗಣಿ ತೋರಿಸುತ್ತಿದ್ದರೂ ಊಟದ ಬಗ್ಗೆ ಯಾರೂ ಕೇಳಿರಲಿಲ್ಲವಂತೆ. ಅವರ ಮುತ್ತಜ್ಜ ಅಲ್ಲೇ ದುಡಿದವರು.

ಆ ಕಲ್ಲಿಗೆ ಕನ್ನಡದಲ್ಲಿ ಇಂಗಳೀಕ ಎನ್ನುತ್ತಾರೆ. ಪರೀಕ್ಷೆಗೆಂದು ಅರ್ಥ ಬಾಯಿಪಾಠ ಮಾಡಿದ್ದ ಪದ. ಅದರ ಮುಂದೆ ನಾನು ನಿಂತದ್ದು ಅವತ್ತೇ ಮೊದಲು.

ಮುಂದಿನ ಭಾನುವಾರವೂ ಬಾ ಎಂದರು ಅಜ್ಜ. ಹೋದೆ. ಮೊದಲು ಹೆಲ್ಮೆಟ್ ಒರೆಸಿದೆ. ಆಗಸ್ಟಿನಲ್ಲಿ ಮೊದಲ ತಂಡವನ್ನು ಒಬ್ಬಳೇ ಒಳಗೆ ಕರೆದೊಯ್ದೆ. ಹನ್ನೊಂದು ಜನ, ಒಂದು ನಾಯಿ. ಚೇತನಕುಮಾರರಿಗೆ ಭಾನುವಾರ ಕ್ರಿಕೆಟ್. 'ನಮ್ಮಾಕಿ ಕಲ್ಲು ನೋಡಾಕ ಹೋಗ್ಯಾಳ' ಎಂದು ನಿಮಗೆಲ್ಲ ಹೇಳುತ್ತಿದ್ದರಂತೆ. ಸುಳ್ಳೇನಲ್ಲ.

ಈಗ ಅಜ್ಜನ ಮೊಣಕಾಲಿಗೆ ಆಪರೇಷನ್. ಬೇರೆ ಯಾರೂ ಸಿಗದಿದ್ದರೆ ಈ ವರ್ಷ ಗಣಿಯ ಬಾಗಿಲು ತೆರೆಯುವುದಿಲ್ಲ. ಒಂಬತ್ತು ದಿನದ ಹಿಂದೆ ನನ್ನನ್ನು ಕೇಳಿದರು. ಒಂಬತ್ತು ದಿನವೂ ಮನೆಯಲ್ಲಿ ಹೇಳಲು ನೋಡಿದೆ. ಒಂದು ದಿನ ಇವರು ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದರು, ಇನ್ನೊಂದು ದಿನ ನ್ಯೂರೆಂಬರ್ಗಿನ ಮನೆಯ ಫೋಟೋ ತೋರಿಸುತ್ತಿದ್ದರು. ಅಷ್ಟು ಖುಷಿಯಾಗಿದ್ದರು. ನನ್ನ ಬಾಯಿ ಮತ್ತೆ ಹಾಜರಿ ಹೇಳುವ ಬಾಯಿಯಾಯಿತು.

ನಿನ್ನೆ ಅಜ್ಜನಿಗೆ ಒಪ್ಪಿಗೆ ಕೊಟ್ಟೆ.

ರೀ, ನೀರು ಕುಡಿಯಿರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಾನು ಬರುವುದಿಲ್ಲ, ಗಣಿಯ ಊರಿನಲ್ಲಿ ಒಂದು ಕೋಣೆ ನೋಡಿದ್ದೇನೆ. ಚಳಿಗಾಲದಲ್ಲಿ ಸುರಂಗ ಬಾವಲಿಗಳದ್ದು, ಅವು ಮಲಗಿರುತ್ತವೆ; ಆಗ ನಾನು ನ್ಯೂರೆಂಬರ್ಗಿನವಳು. ಊರಿಗೆ ಫೋನು ಮಾಡಬೇಕೆಂದು ಜೇಬಿಗೆ ಕೈ ಹಾಕಿದ್ದರೆ ಕೇಳಿ, ಅತ್ತೆಗೆ ಬೆಳಿಗ್ಗೆಯೇ ಹೇಳಿದ್ದೇನೆ. 'ಹೋಗ ಮಗಳ, ಅಂವಾ ಏಳ ತಿಂಗಳ ಅನ್ನಾ ಮಾಡಾಕ ಕಲೀಲಿ' ಎಂದಿದ್ದಾರೆ.

ಆದ್ದರಿಂದ ಸಭಿಕರೇ, ಇವತ್ತು ನೀವು ಕಳಿಸಿಕೊಡುತ್ತಿರುವುದು ಅವರೊಬ್ಬರನ್ನೇ. ಅವರನ್ನು ಚೆನ್ನಾಗಿ ಕಳಿಸಿಕೊಡಿ, ಒಳ್ಳೆಯವರು. ಅದಕ್ಕೇ ನನಗೆ ಇಷ್ಟು ಹೆದರಿಕೆ. ರೀ, ಉಳಿದದ್ದನ್ನು ಮನೆಯಲ್ಲಿ ಮಾತಾಡೋಣ. ಇಲ್ಲಿ ಬಂದ ಧೈರ್ಯ ಟ್ರಾಮ್ ಹತ್ತುವಷ್ಟರಲ್ಲಿ ಇಳಿದುಬಿಡುತ್ತದೆ ಎಂಬ ಭಯಕ್ಕೆ ಈಗಲೇ ಹೇಳಿಬಿಟ್ಟೆ.

ನನ್ನ ಕೈಯಿಂದ ಮೈಕು ಕಸಿದುಕೊಳ್ಳದ ಎಲ್ಲರಿಗೂ, ಎದ್ದು ಹೋಗದೆ ಕುಳಿತಿರುವ ಅವರಿಗೂ, ಧನ್ಯವಾದ. ನಮಸ್ಕಾರ.