ಕಣಸೆಕೊಪ್ಪದ ತೂಬು ಎತ್ತಿದ್ದು ಯಾರು ಎಂಬ ಬಗ್ಗೆ

ನನ್ನ ಹೆಸರು ಗುತ್ಯಪ್ಪ ಬಿನ್ ಲೇಟ್ ಉಚ್ಚಂಗಪ್ಪ, ವಯಸ್ಸು 56 ವರ್ಷ, ಕೆಲಸ ವ್ಯವಸಾಯ, ವಾಸ ಕಣಸೆಕೊಪ್ಪ ಗ್ರಾಮ, ಆನವಟ್ಟಿ ಹೋಬಳಿ, ಸೊರಬ ತಾಲ್ಲೂಕು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದು ಏನೆಂದರೆ:

ನಮ್ಮೂರಿಗೂ ಶಿಕಾರಿಪುರ ತಾಲ್ಲೂಕಿನ ಸಣ್ಣಬಿದರೆಗೂ ಒಂದೇ ಕೆರೆ. ತಾಲ್ಲೂಕಿನ ಗಡಿ ಕೆರೆಯ ನಡುವೆಯೇ ಹಾದುಹೋಗಿದೆ. ಬೇಸಿಗೆಯಲ್ಲಿ ಕೆರೆ ಬೇಟೆ, ಅಂದರೆ ಊರವರೆಲ್ಲ ಬುಟ್ಟಿಯಂಥ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಇಳಿದು ಮೀನು ಹಿಡಿಯುವುದು, ಹಿಂದಿನಿಂದ ಬಂದ ಪದ್ಧತಿ. ಅದರಲ್ಲಿ ಎರಡೂ ಊರಿನವರು ಹೊಡೆದಾಡಿ ಹದಿನಾಲ್ಕು ವರ್ಷ ಬೇಟೆಯೇ ನಿಂತಿತ್ತು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ನಾನೂ ಸಣ್ಣಬಿದರೆಯ ಭೀಮಣ್ಣನವರೂ (58 ವರ್ಷ) ಸೇರಿ 2019ರಲ್ಲಿ ‘ಎರಡು ದಂಡೆ ಸ್ನೇಹ ಟ್ರಸ್ಟ್’ ಮಾಡಿದೆವು. ಆರು ವರ್ಷ ಮನೆಮನೆಗೆ ಅಲೆದು, ಚಹಾ ಕುಡಿದು ಕುಡಿದು ಹೊಟ್ಟೆ ಕೆಡಿಸಿಕೊಂಡು, ಅಂತೂ ಒಪ್ಪಿಸಿದೆವು. ದಿನಾಂಕ 11-05-2025ರ ಭಾನುವಾರ ಬೇಟೆ ಎಂದು ನಿಶ್ಚಯವಾಯಿತು.

ಬೇಟೆಗೆ ಮುಂಚೆ ಒಂದು ತಿಂಗಳು ಯಾರೂ ಮೀನು ಕದಿಯದಂತೆ ಕೆರೆ ಕಾಯಬೇಕು. ನಮ್ಮ ದಂಡೆಯನ್ನು ಅವರೂರಿನವರು, ಅವರ ದಂಡೆಯನ್ನು ನಮ್ಮೂರಿನವರು ಕಾಯುವುದು, ಕಾಯಲು ಬಂದವರಿಗೆ ಆ ದಂಡೆಯ ಊರಿನವರೇ ಊಟ ಹಾಕುವುದು ಎಂದು ಟ್ರಸ್ಟಿನ ನಿಯಮ. ಅದನ್ನು ಬರೆದವನು ನಾನೇ. ನಮ್ಮ ದಂಡೆಯ ತೂಬಿಗೆ ಭೀಮಣ್ಣನವರು ಕಾವಲಿದ್ದರು. ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದರು.

ನಮ್ಮ ಕಡೆ ನೀರು ಮೊಣಕಾಲಷ್ಟು, ಅವರ ಕಡೆ ಸೊಂಟದಷ್ಟು ಇತ್ತು. ಮೀನೆಲ್ಲ ಆಳಕ್ಕೆ ಹೋಗುತ್ತದೆ, ಅವರಿಗೇ ಸಿಗುತ್ತದೆ ಎಂದು ನಮ್ಮೂರಿನವರು ಗೊಣಗುತ್ತಿದ್ದರು. ಸ್ವಲ್ಪ ನೀರು ಇಳಿಸಿದರೆ ಎರಡೂ ಕಡೆಗೆ ನ್ಯಾಯವಾಗುತ್ತದೆ ಎಂದು ನನ್ನ ತಲೆಗೆ ಹೊಳೆಯಿತು. ಸಭೆ ಕರೆದಿದ್ದರೆ ತೂಬು ಎಷ್ಟು ಬೆರಳು ಎತ್ತಬೇಕು ಎನ್ನುವುದಕ್ಕೇ ಮೂರು ದಿನ ಜಗಳವಾಗುತ್ತಿತ್ತು. ಹಾಗಾಗಿ ಯಾರಿಗೂ ಹೇಳಲಿಲ್ಲ.

09-05-2025ರ ಶುಕ್ರವಾರ ಮಧ್ಯಾಹ್ನ 1-10ಕ್ಕೆ ನಾನು ದಂಡೆಗೆ ಹೋಗಿ, ನೀವು ಊಟ ಮಾಡಿಕೊಂಡು ಸ್ವಲ್ಪ ಅಡ್ಡಾಗಿ ಬನ್ನಿ, ಅಲ್ಲಿಯವರೆಗೆ ನಾನು ಕೂರುತ್ತೇನೆ ಎಂದು ಭೀಮಣ್ಣನವರನ್ನು ಕಳಿಸಿದೆ. ತೂಬಿನ ಬಾಯಿಗೆ ಅಡ್ಡಲಾಗಿದ್ದ ಬಿದಿರಿನ ತಡಿಕೆಯನ್ನು ಪಕ್ಕಕ್ಕೆ ಸರಿಸಿ, ಮುಚ್ಚಳವನ್ನು ಒಂದು ಗೇಣು ಎತ್ತಿದೆ. ಮೀನು ಹೊರಗೆ ಹೋಗದಿರಲಿ ಎಂದೇ ಆ ತಡಿಕೆ ಇರುವುದು. ಅದನ್ನು ವಾಪಸ್ ಇಡಲು ಮರೆತೆ. 3-20ಕ್ಕೆ ತೂಬು ಮುಚ್ಚುವಾಗ ತಡಿಕೆ ಪಕ್ಕದಲ್ಲೇ ಬಿದ್ದಿರುವುದನ್ನು ನೋಡಿದೆ. ಸುಮ್ಮನೆ ಇದ್ದ ಜಾಗದಲ್ಲಿ ಇಟ್ಟೆ. ಮರುದಿನ ಕೆಳಗಿನ ಕಾಲುವೆಯ ತುಂಬ ಬೆಳ್ಳಕ್ಕಿ ಕೂತಿದ್ದವು. ಕಪ್ಪೆಗೆ ಬಂದಿರಬೇಕೆಂದು ನನಗೆ ನಾನೇ ಹೇಳಿಕೊಂಡೆ.

11-05-2025ರಂದು ಬೆಳಿಗ್ಗೆ 8-30ಕ್ಕೆ ಸೀಟಿ ಊದಿದೆವು. ಎರಡೂ ದಂಡೆಯಿಂದ ಸುಮಾರು 340 ಜನ ಇಳಿದರು. 9-15 ಆದರೂ ಹೇಳಿಕೊಳ್ಳುವಂಥ ಮೀನು ಒಬ್ಬರಿಗೂ ಸಿಗಲಿಲ್ಲ. ನಗು, ಕೇಕೆ ಎಲ್ಲ ನಿಂತುಹೋಯಿತು. ನಮ್ಮೂರಿನ ವೀರಬಸಪ್ಪ (34 ವರ್ಷ) ಕೆರೆಯೊಳಗೆ ನಿಂತಿದ್ದ ಭೀಮಣ್ಣನವರ ಹತ್ತಿರ ಹೋಗಿ, ‘ತೂಬು ಕಾದೋನು ನೀನು, ಮೀನು ಯಾರಿಗೆ ಮಾರ್‍ದೆ ಹೇಳು’ ಎಂದು ಕೇಳಿದನು. ಹತ್ತು ಹನ್ನೆರಡು ಜನ ಸುತ್ತುವರಿದರು. ಭೀಮಣ್ಣನವರು ತಪ್ಪಿಸಿಕೊಂಡು ಓಡಿದರು. ಅವರೂರಿನ ದಂಡೆ 40 ಅಡಿ ದೂರದಲ್ಲಿತ್ತು. ಅವರು ಆ ಕಡೆ ಓಡಲಿಲ್ಲ. ಕೆಸರಿನಲ್ಲಿ 120 ಅಡಿ ನಮ್ಮ ದಂಡೆಯ ಕಡೆಗೆ, ನಾನು ನಿಂತಿದ್ದಲ್ಲಿಗೆ ಬಂದರು. ನನ್ನಿಂದ ನಾಲ್ಕು ಅಡಿ ದೂರದಲ್ಲಿ, ‘ಗುತ್ಯಣ್ಣ, ನೀವಾರ ಹೇಳ್ರೀ ಇವ್ರಿಗೆ’ ಎಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ವೀರಬಸಪ್ಪ ಬಿದಿರಿನ ಗಳದಿಂದ ಅವರ ತಲೆಗೆ ಒಂದು, ಎಡಗೈಗೆ ಎರಡು ಏಟು ಹೊಡೆದನು. ಆಗ ಸಮಯ 9-25.

12-05-2025ರಂದು ವೀರಬಸಪ್ಪ ಮೀನು ಕಳ್ಳತನವೆಂದು ಭೀಮಣ್ಣನವರ ಮೇಲೆ ದೂರು ಕೊಟ್ಟಿದ್ದಾನೆ. ಅದರಲ್ಲಿ ನನ್ನನ್ನು ಸಾಕ್ಷಿ ಎಂದು ತೋರಿಸಿದ್ದಾನೆ. ಅದೇ ದಿನ ಬೆಳಿಗ್ಗೆ 11 ಗಂಟೆಗೆ ನಾನು ಶಿಕಾರಿಪುರದ ಆಸ್ಪತ್ರೆಗೆ ಹೋಗಿದ್ದೆ. ತಲೆಗೆ ಒಂಬತ್ತು ಹೊಲಿಗೆ ಬಿದ್ದಿವೆ, ಕೈ ಮೂಳೆ ಮುರಿದಿದೆ. ಭೀಮಣ್ಣನವರು ಮಲಗಿದ್ದರು. ಅವರ ಹೆಂಡತಿ ಸಾವಿತ್ರಿಬಾಯಿ ನನ್ನನ್ನು ನೋಡಿ ಎದ್ದು ನಿಂತು ಕೈ ಮುಗಿದರು. ‘ನೀವು ಅಡ್ಡ ಬಂದ್ರಂತ, ಇಲ್ಲಂದ್ರ ಜೀವ ಉಳೀತಿರಲಿಲ್ಲಂತ, ರಾತ್ರಿಯೆಲ್ಲ ಅದನ್ನ ಹೇಳ್ಯಾರ್ರೀ’ ಎಂದರು. ಕೂರಲು ಸ್ಟೂಲು ಕೊಟ್ಟರು. ನಾನು ಕೂತೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಸಂಜೆ ನನ್ನ ಹೆಂಡತಿ ಬಂಗಾರಮ್ಮ, ‘ಶುಕ್ರವಾರ ಆ ಮನುಷ್ಯ ನಮ್ಮನೇಲಿ ಉಂಡು ಮಲಗಿದ್ರು, ಬಡಿಸಿದ್ದು ನಾನು. ಆಗ ತೂಬಿನ ಹತ್ರ ಇದ್ದಿದ್ದು ನೀವಲ್ವ?’ ಎಂದು ಕೇಳಿದಳು. ನಿನಗೇಕೆ ಅದೆಲ್ಲ ಎಂದು ಗದರಿದೆ. ಆದರೆ ಅನ್ನ ಸೇರಲಿಲ್ಲ. ಇಂದು ಬೆಳಿಗ್ಗೆ ಬಸ್ಸಿನಲ್ಲಿ ಆನವಟ್ಟಿಗೆ ಬಂದು, 9-15ರಿಂದ 10-40ರವರೆಗೆ ಠಾಣೆಯ ಎದುರು ಕೂರುವುದು ಏಳುವುದು ಮಾಡಿದೆ. ಒಮ್ಮೆ ವಾಪಸ್ ಬಸ್ಸು ಹತ್ತಿ ಇಳಿದೆ.

ತೂಬು ಎತ್ತಿದವನು ನಾನು. ಭೀಮಣ್ಣನವರು ಒಂದು ಮೀನನ್ನೂ ಮುಟ್ಟಿಲ್ಲ. ವೀರಬಸಪ್ಪನ ದೂರಿಗೆ ನಾನು ಸಾಕ್ಷಿಯಲ್ಲ. ಹೊಡೆದವನು ಅವನೇ ಎನ್ನುವುದಕ್ಕೆ ಸಾಕ್ಷಿ. ಈ ಹೇಳಿಕೆಯನ್ನು ಎರಡೂ ಊರಿನಲ್ಲಿ ಓದಿ ಹೇಳಲು ನನ್ನ ಅಭ್ಯಂತರವಿಲ್ಲ.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಒಂದು ಮಾತು ಮಾತ್ರ ಬಿಟ್ಟುಹೋಗಿತ್ತು, ಸೇರಿಸಲು ಕೇಳಿಕೊಂಡಿದ್ದೇನೆ: ನಾನು ಅಡ್ಡ ಬರಲಿಲ್ಲ. ಇದನ್ನು ಮೊದಲು ಸಾವಿತ್ರಿಬಾಯಿಯವರಿಗೆ ತಿಳಿಸಬೇಕು.

ಸ್ಥಳ: ಆನವಟ್ಟಿ
ದಿನಾಂಕ: 13-05-2025, ಮಧ್ಯಾಹ್ನ 12-25
ಸಹಿ: ಗುತ್ಯಪ್ಪ