ಲಾಂಡ್ರಿಯಲ್ಲಿ ಕೇಳಿದ ಫ್ಲಮೆಂಕೊ

ಪರದೇಶದ ಹೇಸ್ ಊರಿನ ಲಾಂಡ್ರಿಯಲ್ಲಿ ಡ್ರೈಯರುಗಳ ಸೆಕೆಗೆ ಸ್ವೆಟರ್ ಬಿಚ್ಚಿಟ್ಟು, ರಜಾಯಿ ಒಣಗುವುದನ್ನೇ ಕಾಯುತ್ತಾ ವಿಶಾಲಾಕ್ಷಮ್ಮ ರಾಮನಾಮ ಹೇಳಿಕೊಳ್ಳುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಕನ್ನಡ ಕೇಳಿಸಿತು. ರಾಮ ಕ್ಷಮಿಸಲಿ ಎಂದುಕೊಂಡು ಕಿವಿಗೊಟ್ಟರು. ಇಬ್ಬರು ಹೆಣ್ಣುಮಕ್ಕಳು ಒಂದೇ ಸೀಡಿ ಪ್ಲೇಯರಿನ ಇಯರ್‌ಫೋನನ್ನು ಒಬ್ಬೊಬ್ಬರು ಒಂದೊಂದು ಕಿವಿಗೆ ಸಿಕ್ಕಿಸಿಕೊಂಡಿದ್ದರು.

“ಲೈಬ್ರರಿಯಲ್ಲಿ ಸಿಕ್ತು ಕಣೇ ವಲೀಶಾ. ಸ್ಪೇನಿನ ಫ್ಲಮೆಂಕೊ ಹಾಡು, ಅದಕ್ಕೆ ಕ್ಯೂಬಾದ ಡೋಲು ಬೆರೆಸಿದ್ದಾರೆ. ಹೇಗಿದೆ?”

“ಚಪ್ಪಾಳೆಯಲ್ಲೇ ತಾಳ ಮಾರಾಯ್ತಿ! ನಮ್ಮ ಕಡೆ ಮದುವೆಯ ಹಿಂದಿನ ದಿನ ಗುಮಟೆ ಬಾರಿಸುವಾಗ ಹೀಗೆಯೇ ಮೈ ಜುಮ್ಮೆನ್ನುತ್ತದೆ.”

“ಹಾಗಾದ್ರೆ ಮನೆಗೆ ತಗೊಂಡು ಹೋಗು.”

“ಮನೆಗಾ? ಮಾವ ತೀರಿಹೋಗಿ ವರ್ಷ ತುಂಬುವವರೆಗೆ ನಮ್ಮಲ್ಲಿ ಪದ್ಯವೇ ಇಲ್ಲ ಸಿರಿಶಾ. ಸ್ನಾನ ಮಾಡುವಾಗ ಗುನುಗಿದ್ದಕ್ಕೇ ಅತ್ತೆ ಊಟ ಬಿಟ್ಟರು.”

“ಇಯರ್‌ಫೋನ್ ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ?”

“ನನ್ನ ಕಾಲಿಗೆ ಗೊತ್ತಾಗ್ತದಲ್ಲ! ಅದು ಸುಮ್ಮನಿರುವುದಿಲ್ಲ.”

ಇಬ್ಬರೂ ನಕ್ಕರು.

“ಸರಿ, ಮುಂದಿನ ಶನಿವಾರ ಇಲ್ಲೇ ಕೇಳೋಣ. ಇನ್ನೊಂದು ಸೀಡಿ ತರ್ತೀನಿ.”

“ತರಬೇಡ. ಮನೆಯ ವಾಷಿಂಗ್ ಮೆಷಿನ್ ರಿಪೇರಿಯಾಯಿತು. ಇನ್ನು ಹೊರಗೆ ಹೊರಡ್ಲಿಕ್ಕೆ ನನಗೆ ನೆಪವೇ ಇಲ್ಲ.”

ಸಿರಿಶಾ ಹಾಡನ್ನು ಮತ್ತೆ ಮೊದಲಿನಿಂದ ಹಾಕಿದಳು.

ಹೊರಗೆ ಕಾರು ನಿಂತಿತು. ವಲೀಶಾ ಗಡಬಡಿಸಿ ಇಯರ್‌ಫೋನ್ ಕಿತ್ತುಕೊಟ್ಟಳು. ಗಂಡ ಓಸ್ವಿನ್ ಒಳಗೆ ಬಂದ. ಗೆಳತಿ ಇದ್ದಾಳೆಂದು ಮನೆಮಾತು ಬಿಟ್ಟು ಕನ್ನಡದಲ್ಲೇ ಕೇಳಿದ:

“ಹೋಗುವನಾ? ಅಮ್ಮ ಕಾಯ್ತಿದ್ದಾರೆ. ಕಾಲು ಯಾಕೆ ಹಾಗೆ ನಡುಗ್ತದೆ ನಿನ್ನದು?”

“ಚಳಿ,” ಎಂದು ವಲೀಶಾ ಬಟ್ಟೆಯ ಚೀಲ ಎತ್ತಿಕೊಂಡು ಅವನ ಹಿಂದೆ ನಡೆದಳು.