ಒಂದು ಹೊರೆ ಜೊಂಡು

ಹೊಳೆದಂಡೆಯ ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದನಂತೆ. ಮಕ್ಕಳಿರಲಿಲ್ಲ. ದಿನಾ ನಸುಕಿನಲ್ಲಿ ದಂಡೆಗೆ ಬಂದು ಕೂರುತ್ತಿದ್ದ. ಎದುರಿಗೆ, ಹೊಳೆಯ ಮಧ್ಯೆ, ಒಂದು ನಡುಗಡ್ಡೆ. ಮಂಜು ಕವಿದಾಗ ನೋಡಿ, ಅದು ನೀರಿನಲ್ಲಿ ನಿಂತಿದೆಯೋ ಗಾಳಿಯಲ್ಲಿ ತೇಲುತ್ತಿದೆಯೋ ತಿಳಿಯುತ್ತಿರಲಿಲ್ಲ. ಅಲ್ಲಿನ ಮಕ್ಕಳು ಹರಿಗೋಲು ಹತ್ತಿ ಈಚೆ ದಂಡೆಯ ಶಾಲೆಗೆ ಬರಬೇಕು. ಹೊಳೆ ತುಂಬಿದರೆ ಹರಿಗೋಲೂ ಇಲ್ಲ, ಶಾಲೆಯೂ ಇಲ್ಲ. ನೀರು ಇಳಿಯುವಷ್ಟರಲ್ಲಿ ಕಲಿತದ್ದೆಲ್ಲ ಮರೆತಿರುತ್ತಿತ್ತು. ಸಾಹುಕಾರನಿಗೆ ಒಂದೇ ಆಸೆ. ಆ ಮಂಜಿನೊಳಗಿಂದ ಮಕ್ಕಳು ಮಗ್ಗಿ ಹೇಳುವುದನ್ನು ಕೇಳಬೇಕು, ಆಮೇಲೆ ಕಣ್ಣು ಮುಚ್ಚಬೇಕು.

ಆಸೆ ತಪ್ಪೇ? ತಪ್ಪಲ್ಲ. ನಡುಗಡ್ಡೆಯಲ್ಲೇ ಶಾಲೆ ಕಟ್ಟಿಸಲು ಹೊರಟ. ಕಲ್ಲು, ಗಾರೆ, ಹೆಂಚು ಎಲ್ಲ ದೋಣಿಯಲ್ಲಿ ಹೋಯಿತು. ಕೆಲಸದವರೂ ಪಟ್ಟಣದವರೇ. ನಡುಗಡ್ಡೆಯ ಜನ ಕೈಜೋಡಿಸಲು ಬಂದರೆ, ನೀವು ಒಂದು ಹರಳೂ ಎತ್ತಬೇಡಿ, ಎಲ್ಲ ನನ್ನದು ಎಂದ. ಕೊಡುವಾಗ ನಮಗೂ ಹೀಗೇ ಎದೆ ಉಬ್ಬುತ್ತದೆ, ಹೌದೋ ಅಲ್ಲವೋ?

ಶಾಲೆ ಎದ್ದಿತು. ಮಾಸ್ತರನೂ ಬಂದ. ಮಗ್ಗಿ ಮಾತ್ರ ಕೇಳಿಸಲಿಲ್ಲ. ಸಾಹುಕಾರ ಹೋಗಿ ನೋಡುತ್ತಾನೆ, ಒಳಗೆ ಮಾಸ್ತರ ಒಬ್ಬನೇ! ಮಕ್ಕಳೆಲ್ಲ ಅಂಗಳದಲ್ಲಿ ನಿಂತಿವೆ, ಒಳಗೆ ಕಾಲಿಡಲೊಲ್ಲವು. ಸಿಟ್ಟು ನೆತ್ತಿಗೇರಿ, ಉಪಕಾರ ತಿಳಿಯದ ಜನ ಎಂದು ಬೈದ. ಮೊಮ್ಮಗಳ ಕೈ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಮೆಲ್ಲಗೆ ಹೇಳಿದಳು:

“ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ. ಇಲ್ಲಿ ಯಾರ ಮನಿ ಕಟ್ಟಿದ್ರೂ ಸೂರಿಗೆ ಎಲ್ಲಾರ ಮನಿಯಿಂದ ಒಂದೊಂದು ಹೊರಿ ಜೊಂಡು ಹೋಗ್ತೈತ್ರಿ. ನಮ್ಮ ಜೊಂಡು ಇಲ್ಲದ ಸೂರಿನಡಿ ನಾವು ಕುಂದ್ರೂದಿಲ್ಲ. ನೀವು ಬ್ಯಾಡ ಅಂದ್ರಿ. ಇದು ನಮ್ಮದಲ್ಲಂತ ತಿಳಕೊಂಡ್ವಿ.”

ಹಾಗಾದರೆ ಹೆಂಚು ಇಳಿಸಿ ಎಂದ ಸಾಹುಕಾರ. ಮರುದಿನವೇ ಹೆಂಚು ಇಳಿಸಿದರು. ಮನೆಮನೆಯಿಂದ ಹೊರೆ ಬಂತು. ಸಾಹುಕಾರನೂ ನೀರಿಗಿಳಿದು ಜೊಂಡು ಕೊಯ್ದ, ಜೊತೆಗೆ ಕೈಯನ್ನೂ ಕೊಯ್ದುಕೊಂಡ. ಅವನೂ ಆ ಸೂರಿನಡಿ ಕೂರಬೇಕಲ್ಲ! ಹೆಂಚು ಒಡೆದರೆ ಪಟ್ಟಣದಿಂದ ತರಬೇಕು. ಜೊಂಡು ಅಲ್ಲೇ ಬೆಳೆಯುತ್ತದೆ. ವರ್ಷವರ್ಷ ಮಹಾಪೂರ ಇಳಿದ ಮೇಲೆ ಊರೇ ಸೇರಿ ಹೊಸದಾಗಿ ಹೊದಿಸುತ್ತಿತ್ತು. ಜೊಂಡು ಹೊದಿಸಿದ ಮೇಲಿನ ಮೊದಲ ಮಳೆಗಾಲದ ಒಂದು ನಸುಕು. ಹೊಳೆ ತುಂಬಿದೆ, ಹರಿಗೋಲು ನಿಂತಿದೆ. ಮಂಜಿನೊಳಗಿಂದ ‘ಎರಡೊಂದ್ಲ ಎರಡು’ ಎಂದು ತೇಲಿಬಂತು. ದಂಡೆಯಲ್ಲಿ ಕೂತ ಸಾಹುಕಾರ ಮಗುವಿನ ಹಾಗೆ ಅತ್ತುಬಿಟ್ಟ.

ಈಗ ಈ ಮಠದಲ್ಲಿ ಕಥೆ ಕೇಳುತ್ತ ಕೂತಿರುವ ನಿಮ್ಮ ಕಡೆ ಬರುತ್ತೇನೆ. ಕಂಬಕ್ಕೆ ಒರಗಿ ತೂಕಡಿಸುತ್ತಿರುವವರೂ ಕೇಳಿ. ಕೊಡುವುದು ನಿಮಗೆ ಗೊತ್ತು. ಇಸಿದುಕೊಳ್ಳುವುದು ಗೊತ್ತೇ? ಸೊಸೆ ಒಲೆಯ ಮುಂದೆ ಬಂದರೆ, ನಿನಗೇನು ಗೊತ್ತು, ಸರಿ ಆಚೆ ಅನ್ನುತ್ತೀರಿ. ಆಮೇಲೆ ಅವಳಿಗೆ ಮನೆಯೆಂದರೆ ಮಮತೆಯೇ ಇಲ್ಲ ಅಂತ ನನ್ನ ಮುಂದೆ ಅಳುತ್ತೀರಿ. ಮಮತೆ ಎಲ್ಲಿಂದ ಬರಬೇಕು ತಾಯಿ? ನಾಳೆಯಿಂದ ಅವಳ ಕೈಗೂ ಒಂದು ಕೆಲಸ ಬಿಡಿ. ನಾಳೆಯದು ನಾಳೆಗಿರಲಿ, ಇವತ್ತೇ ದಾಸೋಹವಿದೆ. ಬಾಗಿಲ ಬಳಿ ನಿಂತಿರುವ ಆ ಬಡವರನ್ನು ಪಂಕ್ತಿಯಲ್ಲಿ ಕೂರಿಸಿ ಬಡಿಸಿ. ಅವರು ಉಂಡೆದ್ದ ಮೇಲೆ ಸೌಟು ಅವರ ಕೈಗೆ ಕೊಟ್ಟು, ನೀವು ಎಲೆಯ ಮುಂದೆ ಕೂತುಕೊಳ್ಳಿ.